ರೋಗಿಯ ಪಕ್ಕದ ಕುರ್ಚಿ

ವಾಣಿಜ್ಯ ಕಾಲೇಜಿನಲ್ಲಿ ಉದ್ಯಮಶೀಲತೆ ಕಲಿಸುತ್ತಿದ್ದ ಮೇಷ್ಟ್ರು ಹಿಂದೆ ಮರದ ಪೀಠೋಪಕರಣಗಳ ಅಂಗಡಿ ಇಟ್ಟಿದ್ದವರು. ಅಂಗಡಿ ನೆಲಕಚ್ಚಿದ ಮೇಲೆ ಪಾಠಕ್ಕೆ ಬಂದರು. ಬೇರೆಯವರ ಬಾಯಿಂದ ಬಂದರೆ ಮಾತಿಗೆ ಕೈಕಾಲು ಮೂಡುತ್ತದೆಂದು ಈ ವಿಷಯವನ್ನು ಮೊದಲ ದಿನವೇ ತರಗತಿಯಲ್ಲಿ ತಾವೇ ಹೇಳಿಬಿಡುತ್ತಿದ್ದರು. ಆ ವರ್ಷ ಅವರು ಪರೀಕ್ಷೆಯ ಬದಲು ಒಂದು ಕೆಲಸ ಕೊಟ್ಟರು. ಇಬ್ಬಿಬ್ಬರು ಸೇರಿ ಏನಾದರೊಂದು ನಿಜವಾದ ವ್ಯವಹಾರ ಶುರುಮಾಡಿ, ವರ್ಷ ಮುಗಿಯುವ ತನಕ ನಡೆಸಬೇಕು.

ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಪ್ರಶ್ನೆ ಪೂರ್ತಿಯಾಗುವ ಮೊದಲೇ ಉತ್ತರ ಸಿಡಿಸುತ್ತಿದ್ದುದರಿಂದ ಎಲ್ಲರೂ ಅವಳನ್ನು ಚಿನಕುರಳಿ ಎಂದು ಕರೆಯುತ್ತಿದ್ದರು. ಅವಳ ಜೊತೆಗಾರ ಅವಳ ದೊಡ್ಡಪ್ಪನ ಮಗ. ವಯಸ್ಸಿನಲ್ಲಿ ಕೆಲವೇ ತಿಂಗಳು ದೊಡ್ಡವನು, ಆದರೂ ಅವಳಿಗೆ ಅಣ್ಣ. ಅವನದು ಅಳೆದು ತೂಗಿ ಮಾತಾಡುವ ಸ್ವಭಾವ.

ಅವರ ಅಜ್ಜಿ ಸೊಂಟ ಮುರಿದುಕೊಂಡು ಕಾಲೇಜಿನ ಹತ್ತಿರದ ದೊಡ್ಡಾಸ್ಪತ್ರೆಯಲ್ಲಿದ್ದಾಗ ಇಬ್ಬರೂ ಸರದಿಯ ಮೇಲೆ ಪಕ್ಕದಲ್ಲಿದ್ದು ನೋಡಿಕೊಳ್ಳುತ್ತಿದ್ದರು. ರೋಗಿಗಳ ಕಡೆಯವರು ಮೊಗಸಾಲೆಯ ನೆಲದ ಮೇಲೆ ಮುದುಡಿ ಮಲಗುವುದನ್ನು ಚಿನಕುರಳಿ ನೋಡಿದ್ದಳು. ಮಡಚುವ ಮಂಚಗಳನ್ನು ಅವರಿಗೆ ಬಾಡಿಗೆಗೆ ಕೊಡುವುದೆಂದು ತೀರ್ಮಾನಿಸಿ, ಬಣ್ಣಬಣ್ಣದ ಚಿತ್ರಪಟಗಳೊಂದಿಗೆ ಮೇಷ್ಟ್ರ ಕೋಣೆಗೆ ಬಂದಳು. ಮೇಷ್ಟ್ರು ಎಲ್ಲವನ್ನೂ ನೋಡಿ, ಇದು ಬೇಕೇ ಎಂದು ಯಾರನ್ನು ಕೇಳಿದಿರಿ ಎಂದರು.

"ಕೇಳೋದೇನಿದೆ ಸರ್? ಕಣ್ಣಿಗೆ ಕಾಣ್ತಾ ಇದೆಯಲ್ಲ."

"ನಂಗೂ ಕಾಣ್ತಿತ್ತು. ಎಲ್ಲರ ಮನೆಗೂ ದೊಡ್ಡ ಊಟದ ಮೇಜು ಬೇಕು ಅಂದ್ಕೊಂಡು ಗೋಡೌನ್ ತುಂಬ ಮಾಡಿಸಿಟ್ಟೆ. ಆಗ ಜನ ಚಿಕ್ಕ ಮನೆಗಳಿಗೆ ಹೋಗ್ತಾ ಇದ್ರು, ಮೇಜು ಬಾಗಿಲಲ್ಲೇ ಹಿಡೀತಿರ್ಲಿಲ್ಲ," ಎಂದರು ಮೇಷ್ಟ್ರು. "ಹೋಗಿ ಕೇಳಿ. ಮಂಚದ ಸುದ್ದಿ ಎತ್ತಬೇಡಿ. ನಿನ್ನೆ ದಿನ ಹೇಗೆ ಕಳೀತು ಅಂತ ಕೇಳಿ, ಆಮೇಲೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ."

ಬಾಯಿಗೆ ಬೀಗ ಹಾಕುವುದು ಚಿನಕುರಳಿಯ ಕೈಲಾಗದ ಕೆಲಸ. ಹಾಗಾಗಿ ಕೇಳುವ ಹೊಣೆ ಅಣ್ಣನ ಮೇಲೆ ಬಿತ್ತು. ಅವನು ವಾರ್ಡುಗಳಲ್ಲಿ ಕೂತು ಎದ್ದು ಬಂದು ಹೇಳಿದ್ದು ಬೇರೆಯೇ ಆಗಿತ್ತು. ಮಲಗಲು ಜಾಗವಿಲ್ಲವೆಂದು ಗೊಣಗಿದವರು ಕಡಿಮೆ. ಸ್ನಾನ ಮಾಡಿ ಎಷ್ಟು ದಿನವಾಯಿತೋ ಎಂದವರು ಹೆಚ್ಚು. ಒಬ್ಬಾಕೆಗೆ ಕೆಳಗಿಳಿದು ಬಿಸಿ ಊಟ ಮಾಡುವ ಆಸೆ; ಅಷ್ಟರಲ್ಲಿ ಗಂಡ ಕೊಳವೆ ಕಿತ್ತುಕೊಂಡರೆ ಎಂಬ ಹೆದರಿಕೆ. ಅವರಿಗೆಲ್ಲ ಬೇಕಾದದ್ದು ಮಂಚವಲ್ಲ, ತಾವು ಎದ್ದುಹೋದಾಗ ಆ ಕುರ್ಚಿಯಲ್ಲಿ ಕೂರುವ ಒಬ್ಬ ನಂಬಿಕಸ್ಥ ಮನುಷ್ಯ.

ಚಿತ್ರಪಟಗಳು ಮೂಲೆಗೆ ಬಿದ್ದವು. ಗಂಟೆಗಿಷ್ಟು ಎಂದು ಹಣ ಪಡೆದು ಆ ಕುರ್ಚಿಯಲ್ಲಿ ತಾವೇ ಕೂರುವುದೆಂದಾಯಿತು. ಚಿನಕುರಳಿ ಹಿರಿಯ ನರ್ಸಮ್ಮನ ಬೆನ್ನು ಬಿದ್ದು, ಒಂದು ವಾರ್ಡಿನ ಮಟ್ಟಿಗೆ ಒಪ್ಪಿಗೆ ಗಿಟ್ಟಿಸಿದಳು. ರೋಗಿಯನ್ನು ಮುಟ್ಟುವಂತಿಲ್ಲ, ಔಷಧಿ ಕೊಡುವಂತಿಲ್ಲ, ಏನಾದರೂ ವ್ಯತ್ಯಾಸ ಕಂಡರೆ ಗಂಟೆ ಒತ್ತಬೇಕು ಎಂದು ನರ್ಸಮ್ಮ ಕಟ್ಟಪ್ಪಣೆ ಮಾಡಿದರು. ಮೊದಮೊದಲು ಜನ ಅನುಮಾನದಿಂದ ನೋಡಿದರು. ಒಬ್ಬರು ಸ್ನಾನ ಮಾಡಿ ಹಗುರಾಗಿ ಬಂದದ್ದನ್ನು ಕಂಡ ಮೇಲೆ ಪಕ್ಕದ ಹಾಸಿಗೆಯವರೂ ಕರೆದರು. ಸ್ವಲ್ಪ ದಿನದಲ್ಲೇ ತರಗತಿಯ ಇನ್ನೂ ನಾಲ್ಕಾರು ಮಂದಿ ಇವರ ಕೈಕೆಳಗೆ ಕೂರತೊಡಗಿದರು. ಮೇಷ್ಟ್ರು ಇದನ್ನು ಉಳಿದ ಜೋಡಿಗಳಿಗೆ ಉದಾಹರಣೆಯಾಗಿ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಅಣ್ಣ ಕಿಟಕಿ ಪಕ್ಕದ ಮುದುಕರೊಬ್ಬರ ಬಳಿ ಕೂತಿದ್ದ. ಅವರ ಮಗ, ಬಸ್ಸು ಓಡಿಸುವವನು, ಸ್ನಾನಕ್ಕೆಂದು ಹೋಗಿದ್ದ. ಮುದುಕರು ಚೇತರಿಸಿಕೊಳ್ಳುತ್ತಿದ್ದಾರೆ, ಇನ್ನೇನು ಮನೆಗೆ ಕಳಿಸುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವರು ಒಂದು ಮಾತಾಡಿದರು, ಮಗ್ಗುಲಾದರು. ಸ್ವಲ್ಪ ಹೊತ್ತಿನಲ್ಲಿ ಉಸಿರಿನ ಸದ್ದು ಬದಲಾಯಿತು. ಅಣ್ಣ ಗಂಟೆ ಒತ್ತಿದ. ನರ್ಸುಗಳು ಓಡಿ ಬಂದರು, ಡಾಕ್ಟರೂ ಬಂದರು. ಯಾವುದೂ ಕೈಗೂಡಲಿಲ್ಲ. ಮಗ ಒದ್ದೆ ತಲೆಯಲ್ಲಿ, ಹೆಗಲ ಮೇಲೆ ಟವಲು ಹಾಕಿಕೊಂಡು ಬಂದಾಗ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಅವನು ಅಣ್ಣನನ್ನು ಒಮ್ಮೆ ನೋಡಿ ಒಳಗೆ ಹೋದ.

ಮಾರನೆಯ ದಿನ ಅಣ್ಣ ಕಾಲೇಜಿಗೆ ಬರಲಿಲ್ಲ. ಅದರ ಮಾರನೆಯ ದಿನ ಬಂದು, ತಾನು ಇನ್ನು ಕೂರುವುದಿಲ್ಲ ಎಂದ. ನಾವೇನೂ ತಪ್ಪು ಮಾಡಿಲ್ಲ, ಡಾಕ್ಟರೇ ಹಾಗೆ ಹೇಳಿದ್ದಾರೆ ಎಂದು ಚಿನಕುರಳಿ ವಾದಿಸಿದಳು. ತಪ್ಪಿನ ಮಾತಲ್ಲ ಎಂದು ಅವನು ಮೇಷ್ಟ್ರ ಕಡೆ ತಿರುಗಿದ.

"ಅಲ್ಲಿ ಅವರ ಮಗ ಇರಬೇಕಿತ್ತು ಸರ್. ನಾನಿದ್ದೆ."

ಆಸ್ಪತ್ರೆಗೆ ಕಳಿಸಿದ್ದು ತಾವೇ ಎಂಬುದಷ್ಟೇ ಮೇಷ್ಟ್ರಿಗೆ ಹೊಳೆಯುತ್ತಿತ್ತು. ಭಾನುವಾರ ಆ ಮುದುಕರ ಮನೆಗೆ ಹೋಗಿ ಬರುತ್ತೇನೆ, ಬರುವುದಾದರೆ ಬನ್ನಿ ಎಂದರು. ಚಿನಕುರಳಿ ಬಂದಳು. ಅಣ್ಣನೂ ಕೊನೇ ಗಳಿಗೆಯಲ್ಲಿ ಬಂದ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕೋಣೆಗಳ ಮನೆ. ಡ್ರೈವರು ಕುರ್ಚಿ ಹಾಕಿದ, ನೀರು ಕೊಟ್ಟ. ಅವನ ತಾಯಿ ಒಳಗಿನಿಂದ ಬಂದು ಗೋಡೆಗೊರಗಿ ನಿಂತರು. ಮೇಷ್ಟ್ರು ತಾವು ಯಾರೆಂದು ಹೇಳಿ, ಹೀಗಾಗಬಾರದಿತ್ತು ಎಂದು ತಡವರಿಸಿದರು. ಡ್ರೈವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಣ್ಣನನ್ನೇ ನೋಡುತ್ತ, "ಅಪ್ಪ ಏನಾದ್ರೂ ಅಂದ್ರಾ?" ಎಂದ.

ಅಣ್ಣನ ಬಾಯಲ್ಲಿ ಏನಾದರೊಂದು ಒಳ್ಳೆಯ ಮಾತು ಬರಲಿ ಎಂದು ಚಿನಕುರಳಿ ಹಾರೈಸಿದಳು. ಅವಳಾಗಿದ್ದರೆ ಅಲ್ಲೇ ಒಂದನ್ನು ಕಟ್ಟಿ ಹೇಳಿಬಿಡುತ್ತಿದ್ದಳು.

"ಫ್ಯಾನ್ ಆರಿಸು ಮಗಾ ಅಂದ್ರು," ಎಂದ ಅಣ್ಣ. "ನನ್ನನ್ನ ನೀವು ಅಂದ್ಕೊಂಡ್ರು ಅನ್ಸುತ್ತೆ. ಆರಿಸಿದೆ. ಮಗ್ಗುಲಾದ್ರು."

ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಎಲ್ಲರೂ ತಲೆ ತಗ್ಗಿಸಿದರೆ, ಅವರು ನಗುತ್ತಿದ್ದರು. ಮದುವೆಯಾದಾಗಿನಿಂದ ಈ ಮನೆಯಲ್ಲಿ ಫ್ಯಾನಿನದೇ ಜಗಳ, ತಾವು ಹಾಕಿದರೆ ಅವರು ಆರಿಸುವುದು, ಎಂದು ಹೇಳುತ್ತ ಹೇಳುತ್ತ ಅವರಿಗೆ ಅಳುವೂ ಬಂತು. ಡ್ರೈವರು ತಾಯಿಯನ್ನು ಹಿಡಿದು ಕೂರಿಸಿದ. ಹೊರಡುವಾಗ ಆಕೆ ಅಣ್ಣನ ಕೈ ಹಿಡಿದು, "ಕೇಳಿದ ತಕ್ಷಣ ಆರಿಸಿದ್ಯಲ್ಲಪ್ಪ, ನಾವ್ಯಾರೂ ಹಾಗೆ ಆರಿಸಿದೋರಲ್ಲ," ಎಂದರು.

ದಾರಿಯಲ್ಲಿ ಚಿನಕುರಳಿ, ಕೂರುವವರಿಗೆ ಮೊದಲೇ ಹೀಗೂ ಆಗಬಹುದೆಂದು ಹೇಳಿರಬೇಕಿತ್ತು, ಮನೆಯವರಿಗೂ ಹೇಳಿರಬೇಕಿತ್ತು ಎಂದಳು. ಮುಂದಿನ ವಾರ ಹೊಸ ಕಟ್ಟಳೆ ಬಂತು. ನರ್ಸಮ್ಮ ಒಪ್ಪಿದ ರೋಗಿಗಳ ಬಳಿ ಮಾತ್ರ ಕೂರುವುದು, ಎದ್ದುಹೋಗುವವರು ಎಲ್ಲಿ ಸಿಗುತ್ತಾರೆಂದು ತಿಳಿದಿಟ್ಟುಕೊಳ್ಳುವುದು. ಅಣ್ಣ ಮಾತ್ರ ಮತ್ತೆ ಕೂರಲಿಲ್ಲ. ಹೊಸಬರಿಗೆ ಹೇಗೆ ಕೂರಬೇಕೆಂದು ಕಲಿಸುವುದು, ಅವರು ಹೊರಬಂದ ಮೇಲೆ ಅವರ ಮಾತು ಕೇಳುವುದು, ಇಷ್ಟನ್ನು ವಹಿಸಿಕೊಂಡ.

ವರ್ಷದ ಕೊನೆಗೆ ಎಲ್ಲ ಜೋಡಿಗಳೂ ತೀರ್ಪುಗಾರರ ಮುಂದೆ ನಿಂತರು. ಅವರಲ್ಲೊಬ್ಬ ಉದ್ಯಮಿ, ಇದನ್ನು ಹತ್ತು ಊರುಗಳಿಗೆ ಹಬ್ಬಿಸುವುದು ಹೇಗೆ ಎಂದು ಕೇಳಿದ. ಚಿನಕುರಳಿ ಯೋಚಿಸಿ, ಗೊತ್ತಿಲ್ಲ ಸರ್, ಇನ್ನೂ ಒಂದೇ ವಾರ್ಡು ಅರ್ಥವಾಗಿದೆ ಎಂದಳು. ಬಹುಮಾನ ಅಂಗಿಗಳ ಮೇಲೆ ಹೆಸರು ಅಚ್ಚು ಹಾಕಿ ಮಾರಿದ ಜೋಡಿಗೆ ಹೋಯಿತು. ಮೇಷ್ಟ್ರು ಅದಕ್ಕೆ ಆಕ್ಷೇಪಿಸಲಿಲ್ಲ. ಅಂಗಿ ಚೆನ್ನಾಗಿಯೇ ಇತ್ತು, ತಾವೂ ಒಂದು ಕೊಂಡಿದ್ದರು.

ಓದು ಮುಗಿದ ಮೇಲೆ ಅಣ್ಣ ತಂದೆಯ ಜೊತೆ ಟೈಲ್ಸ್ ವ್ಯಾಪಾರಕ್ಕೆ ಸೇರಿಕೊಂಡ. ಚಿನಕುರಳಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಚಿಕ್ಕ ಕೋಣೆ ಹಿಡಿದಳು. ಮಕ್ಕಳನ್ನು ಬೆಳೆಸಿ ಕೈ ಬಿಡುವಾದ ಕೆಲವು ಹೆಂಗಸರು ಈಗ ಅವಳ ಬಳಿ ಕೆಲಸಕ್ಕಿದ್ದಾರೆ. ಎರಡನೆಯ ವಾರ್ಡಿಗೂ ಒಪ್ಪಿಗೆ ಸಿಕ್ಕಿದೆ. ಹೊಸಬರು ಸೇರಿದಾಗಲೆಲ್ಲ ಅವಳು ಅಣ್ಣನಿಗೆ ಫೋನ್ ಮಾಡುತ್ತಾಳೆ. ಅವನು ಅಂಗಡಿಯನ್ನು ತಂದೆಗೆ ಒಪ್ಪಿಸಿ ಮಧ್ಯಾಹ್ನ ಬಂದು, ಅವರೊಂದಿಗೆ ಕೂತು ಮಾತಾಡಿ ಹೋಗುತ್ತಾನೆ.