ಎಲ್ಲಿ ಕಚ್ತೈತೆ?

ಅರಸೀಕೆರೆಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಕಾಳಯ್ಯನ ಚಪ್ಪಲಿ ಅಂಗಡಿಯೆಂದರೆ ಒಂದು ಛತ್ರಿ, ಒಂದಷ್ಟು ಉಳಿಗಳು ಮತ್ತು ಕಾಳಯ್ಯನ ಜಂಭ. ಲಾರಿ ಟೈರು ಕೊಯ್ದು ಅವನು ಹಾಕಿದ ಅಟ್ಟೆ ಸವೆದದ್ದನ್ನು ಕಂಡವರಿಲ್ಲ. ಗಂಡಸಿ, ಕಣಕಟ್ಟೆಯಂಥ ಸುತ್ತಲ ಊರುಗಳವರು ಬಾರು ಹರಿದು ಮೂರಾಬಟ್ಟೆಯಾದ ಮೇಲೂ ಅಟ್ಟೆಯನ್ನು ಬಿಸಾಡಲು ಮನಸ್ಸಾಗದೆ ಅವನ ಹತ್ತಿರ ವಾಪಸು ತರುತ್ತಿದ್ದರು. ಹೊಸ ಚಪ್ಪಲಿ ಕಚ್ಚುತ್ತದೆ ಎಂದು ಯಾರಾದರೂ ಬಂದರೆ ಅವನ ಮೊದಲ ಮಾತು ಒಂದೇ: "ಎಲ್ಲಿ ಕಚ್ತೈತೆ?" ಹೆಬ್ಬೆರಳೋ ಹಿಮ್ಮಡಿಯೋ ಗೊತ್ತಾಗದೆ ಅವನು ಉಳಿ ಮುಟ್ಟುತ್ತಿರಲಿಲ್ಲ.

ಇಂಥವನ ಒಬ್ಬಳೇ ಮಗಳು ಕಾವ್ಯಶ್ರೀ ಸೈನ್ಯಕ್ಕೆ ಆಯ್ಕೆಯಾದಳು. ಆ ದಿನದಿಂದ ಕಾಳಯ್ಯ ಗಿರಾಕಿಗಳ ಕಾಲು ನೋಡುವುದನ್ನು ಬಿಟ್ಟು ಮುಖ ನೋಡಿ ಮಾತಾಡತೊಡಗಿದ. ತರಬೇತಿಯ ನಡುವೆ ಅವಳು ನಾಲ್ಕು ದಿನ ರಜೆಗೆ ಬಂದಾಗ ಅವನ ಕಣ್ಣು ಮೊದಲು ಬಿದ್ದದ್ದು ಅವಳ ಓಟದ ಶೂ ಮೇಲೆ. ಒಳಮಗ್ಗುಲು ಪೂರ್ತಿ ಸವೆದುಹೋಗಿತ್ತು.

"ಇದನ್ನ ಅಟ್ಟೆ ಅಂತಾರಾ? ಬರೀ ಸ್ಪಂಜು ಕಣವ್ವ."

"ಬಿಡಪ್ಪ, ಸವೆದ್ರೆ ಬೇರೆ ಜೊತೆ ಕೊಡ್ತಾರೆ. ಮೆತ್ತಗೇ ಇರ್ಬೇಕಂತೆ. ಓಡೋವಾಗ ನೆಲದ ಏಟೆಲ್ಲ ಅದೇ ತಡ್ಕೊಳ್ಳೋದಂತೆ."

"ಅಟ್ಟೆ ವಿಚಾರ ನಂಗೇ ಹೇಳ್ಕೊಡ್ತೀಯಾ?"

ಸಂಜೆಯೊಳಗೆ ಸ್ಪಂಜು ಕಿತ್ತು ಚರಂಡಿಗೆ ಹೋಗಿತ್ತು. ಅದರ ಜಾಗದಲ್ಲಿ ಬೆರಳು ದಪ್ಪದ ಟೈರು, ಸುತ್ತ ಮೇಣ ಹಾಕಿದ ದಾರದ ಎರಡು ಸಾಲು ಹೊಲಿಗೆ. ಕಾವ್ಯಶ್ರೀ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟಳು. "ಭಾರ ಆಯ್ತು" ಎನ್ನಲು ಬಾಯಿ ತೆರೆದವಳು ಅಪ್ಪನ ಮುಖ ನೋಡಿ, "ಚೆನ್ನಾಗೈತಪ್ಪ" ಅಂದಳು. ಮಗಳಿಗೆ ತಾನು ಕೊಡಬಹುದಾದದ್ದು ಇದೊಂದೇ ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವಳು ತರಬೇತಿಗೆ ಮರಳಿದ ಮೂರನೆಯ ವಾರ ಫೋನು ಬಂತು. ಕಾಳಯ್ಯನ ಮುಂದೆ ನಾಲ್ಕೈದು ಜನ ನಿಂತಿದ್ದರು.

"ಅಪ್ಪ, ಶೂ ಹಾಕ್ಕೊಂಡು ಓಡಿದ್ರೆ ಕಚ್ತೈತೆ."

"ಹೊಸ ಅಟ್ಟೆ ಅಲ್ವಾ, ಕಚ್ಚೇ ಕಚ್ತೈತೆ. ಕೊಬ್ಬರಿ ಎಣ್ಣೆ ಸವರ್ಕೊಂಡು ಹಾಕ್ಕೊ. ಬಿಚ್ಚಬ್ಯಾಡ, ಬಿಚ್ಚಿದ್ರೆ ಕಾಲಿಗೆ ಹೊಂದ್ಕಳಾಕಿಲ್ಲ."

"ಬರೋ ವಾರ ಐದು ಕಿಲೋಮೀಟರ್ ಓಟ ಐತಪ್ಪ. ಪಾಸಾಗ್ಲೇಬೇಕು."

"ಓಡು. ನಿಮ್ಮಪ್ಪನ ಅಟ್ಟೆ ಕೈ ಕೊಡಾಕಿಲ್ಲ."

ನಿಂತಿದ್ದವರು ಕೇಳಲಿ ಎಂದೇ ಆ ಕೊನೆಯ ಮಾತನ್ನು ಅವನು ಗಟ್ಟಿಯಾಗಿ ಹೇಳಿದ. ಬೀಗುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ! ಮಗಳು ಅಪ್ಪನ ಮಾತು ಮೀರಿದವಳಲ್ಲ. ದಿನಾ ಎಣ್ಣೆ ಸವರಿಕೊಂಡಳು, ದಿನಾ ಓಡಿದಳು. ಪರೀಕ್ಷೆಯ ದಿನ ಮೂರನೆಯ ಕಿಲೋಮೀಟರಿನಲ್ಲಿ ಬಿದ್ದಳು.

ಮೊಣಕಾಲಿನ ಕೆಳಗಿನ ಉದ್ದ ಮೂಳೆ ಎರಡಾಗಿತ್ತು. ಗಟ್ಟಿ ಅಟ್ಟೆಯ ಮೇಲೆ ಓಡಿ ಓಡಿ ಮೊದಲು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತಂತೆ. ನೋವು ಶುರುವಾದಾಗಲೇ ಓಟ ನಿಲ್ಲಿಸಿದ್ದರೆ ತಾನಾಗಿಯೇ ಕೂಡಿಕೊಳ್ಳುತ್ತಿತ್ತಂತೆ. ಈ ಅಟ್ಟೆ ಹಾಕಿದವರು ಯಾರು ಎಂದು ಡಾಕ್ಟರು ಎರಡೆರಡು ಸಲ ಕೇಳಿದರೂ ಅವಳು ಹೇಳಲಿಲ್ಲವಂತೆ. ಮೂಳೆ ಕೂಡಿಸಲು ಕಾಲಿನೊಳಗೆ ಸರಳು ಹಾಕಿಸಿಕೊಂಡವಳು ಸೈನ್ಯಕ್ಕೆ ಬೇಡವಾದಳು. ಕಾಗದ ಕೈಗಿತ್ತು ಮನೆಗೆ ಕಳಿಸಿದರು.

ಊರಿಗೆ ಬಂದ ದಿನ ಮಧ್ಯಾಹ್ನ ಕಾವ್ಯಶ್ರೀ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಳಯ್ಯ ಅವಳ ಚೀಲದಿಂದ ಶೂಗಳನ್ನು ತೆಗೆದು ತಿರುವಿ ನೋಡಿದ. ಟೈರಿನ ಗೀರುಗಳು ಅವನು ಕೊಯ್ದಂತೆಯೇ ಇದ್ದವು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಅಂಗಡಿಗೆ ಬಂದ ಬಂದವರನ್ನೆಲ್ಲ ಕೇಳುವ ಮಾತು ಆವತ್ತು ಫೋನಿನಲ್ಲಿ ಬಾಯಿಗೆ ಬಂದಿರಲಿಲ್ಲ.

"ಎಲ್ಲಿ ಕಚ್ತಿತ್ತವ್ವ?"

ಅವಳು ಲಂಗ ಸ್ವಲ್ಪ ಮೇಲೆತ್ತಿ ಮೊಣಕಾಲಿಗೂ ಪಾದಕ್ಕೂ ನಟ್ಟನಡುವೆ, ಯಾವ ಶೂವೂ ಮುಟ್ಟದ ಕಡೆ, ಬೆರಳಿಟ್ಟಳು.

"ಇಲ್ಲಿ ಅಪ್ಪ. ಆವತ್ತೂ ಇಲ್ಲೇ."