ಮುತ್ತೈದೆ ಕೈಯ ಒಲೆ

"ಆ ಕಡ್ಡಿಪೆಟ್ಗೆ ಕೆಳಗಿಡಮ್ಮ ತಾಯಿ."

ಕಡ್ಡಿ ಗೀರಲು ಬಗ್ಗಿದ್ದ ವಿಶಾಲಮ್ಮ ಅಲ್ಲೇ ನಿಂತಳು. ಮದುವೆ ಹೆಣ್ಣಿನ ಸೋದರತ್ತೆ ಗಿಡ್ಡಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಹಳೇಬೀಡಿನ ಆ ಕಲ್ಯಾಣ ಮಂಟಪದ ದೊಡ್ಡ ಗ್ಯಾಸ್ ಒಲೆಗೆ ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ ಆಗಿತ್ತು. ಇನ್ನು ಹಚ್ಚುವುದಷ್ಟೇ ಬಾಕಿ.

"ಮದ್ವೆ ಮನೆ ಒಲೆ ಕಣಮ್ಮ ಇದು. ಮೊದ್ಲು ಮುತ್ತೈದೆ ಕೈಲಿ ಹಚ್ಬೇಕು. ಆಮ್ಯಾಕೆ ಯಾರಾದ್ರೂ ಬೇಯಿಸ್ಕಳಿ, ನಾನೇನೂ ಅನ್ನಕಿಲ್ಲ."

ವಿಶಾಲಮ್ಮ ಪಕ್ಕಕ್ಕೆ ಸರಿದಳು. ಗಂಡ ತೀರಿಕೊಂಡ ಮೇಲೆ ಹೀಗೆ ಸರಿಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಕುಂಬಳಕಾಯಿ ಹೆಚ್ಚುತ್ತಿದ್ದ ರಮಾಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಗಂಡ ಸತ್ತವರು, ಗಂಡ ಬಿಟ್ಟವರು ಎಂದು ಬಸ್ತಿಹಳ್ಳಿಯ ಸುತ್ತಮುತ್ತಲಿನ ಹೆಂಗಸರನ್ನು ಸೇರಿಸಿ ಈ ಅಡುಗೆ ತಂಡ ಕಟ್ಟಿದವಳು, ಮದುವೆಯಾಗದೇ ಉಳಿದ ಬೇಲೂರಿನ ಮಾಲಿನಿ. ಇಷ್ಟು ದಿನ ನಾಮಕರಣ, ತಿಥಿ ಎಂದು ಸಣ್ಣಪುಟ್ಟ ಅಡುಗೆ. ಮದುವೆ ಇದೇ ಮೊದಲು. ಇದು ಚೆನ್ನಾಗಿ ನಡೆದರೆ ಮಂಟಪದ ಅಡುಗೆಯೆಲ್ಲ ಇನ್ನು ನಿಮಗೇ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಕೆಟ್ಟರೆ ಮತ್ತೆ ಅಣ್ಣತಮ್ಮಂದಿರ ಮನೆಯ ಹಂಗು, ಅತ್ತಿಗೆಯರ ಮೂದಲಿಕೆ.

ಮಾಲಿನಿ ಓಡಿಬಂದಳು. "ಅಷ್ಟೇನಾ ಅಮ್ಮ? ನಮ್ಮ ರಮಾ ಇದಾಳಲ್ಲ, ಅವಳು ಹಚ್ತಾಳೆ."

ಗಿಡ್ಡಮ್ಮನ ಕಣ್ಣು ರಮಾಳ ಕೊರಳಿನ ತಾಳಿಯ ಮೇಲೆ ಹೋಯಿತು. "ಗಂಡ ಅವ್ನೇನಮ್ಮ?"

"ಅವ್ನೆ. ಅರಸೀಕೆರೆ ಕೊಬ್ಬರಿ ಮಂಡೀಲಿ ಅವ್ನೆ. ಇನ್ನೊಬ್ಳನ್ನ ಕಟ್ಕಂಡವ್ನೆ" ಎಂದಳು ರಮಾ.

"ಬದುಕವ್ನಲ್ಲ, ಅಷ್ಟು ಸಾಕು. ಬಾ, ಹಚ್ಚು."

ಸಾಕಂತೆ! ಬಸುರಿ ಹೆಂಡತಿಯನ್ನು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, 'ಬತ್ತೀನಿ ಇರು' ಎಂದು ಹೋದ ಧರ್ಮೇಶ ಇವತ್ತಿಗೂ ಬಂದಿಲ್ಲ. ಮಗಳು ಶಾಲೆಗೆ ಹೋಗುತ್ತಾಳೆ, ಅಪ್ಪನ ಮುಖ ಹೇಗಿದೆಯೆಂದು ಅವಳಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ಗಂಡಸರ ಕಾಟ ತಪ್ಪಲಿ ಎಂದಷ್ಟೇ ರಮಾ ತಾಳಿ ಉಳಿಸಿಕೊಂಡಿದ್ದಳು. ವಿಶಾಲಮ್ಮನ ಗಂಡನಾದರೋ, ಹೆಂಡತಿಗೆ ತಲೆನೋವೆಂದರೆ ತಾನೇ ಒಲೆ ಮುಂದೆ ಕೂತು ಮುದ್ದೆ ತೊಳಸುತ್ತಿದ್ದ ಮನುಷ್ಯ. ಆ ಒಳ್ಳೆಯವನು ಸತ್ತನೆಂದು ಅವಳ ಕೈ ಆಗದು. ಈ ಭಂಡ ಬದುಕಿದ್ದಾನೆಂದು ನನ್ನ ಕೈ ಶುಭ. ಯಾವ ಸೀಮೆ ನ್ಯಾಯ ಇದು?

"ನಾನು ಹಚ್ಚಕಿಲ್ಲ" ಎಂದಳು ರಮಾ.

ಮಾಲಿನಿ ದನಿ ತಗ್ಗಿಸಿದಳು. "ಒಂದು ಕಡ್ಡಿ ಗೀರೋದು ಕಣೇ. ಗಂಡಿನ ಕಡೆ ಬಸ್ಸು ಬೇಲೂರು ಬಿಟ್ಟಾಯ್ತು."

"ಗೀರ್ತೀನಿ ಅಕ್ಕ, ನನ್ ಹೆಸ್ರಲ್ಲಾದ್ರೆ ಗೀರ್ತೀನಿ. ಆ ಹಲ್ಕನ ಹೆಸ್ರಲ್ಲಿ ಗೀರಕಿಲ್ಲ. ಅವ್ನನ್ನ ಮರ್ತು ನಿನ್ ಕಾಲ್ ಮ್ಯಾಲೆ ನಿಂತ್ಕೋ ಅಂದೋರು ನೀವೇ ಅಲ್ವಾ? ಈಗ ನಿಮ್ಗೇ ಬೇಕಾದ್ನಾ ಅವ್ನು?"

ಮಾಲಿನಿ ವಿಶಾಲಮ್ಮನ ಕಡೆ ತಿರುಗಿದಳು.

"ಹಟ ಮಾಡ್ಬ್ಯಾಡ ಕಣೇ ರಮಾ," ಎಂದಳು ವಿಶಾಲಮ್ಮ. "ಯಾರು ಹಚ್ಚಿದ್ರೇನು, ನಮ್ ಕೆಲ್ಸ ಆದ್ರೆ ಸಾಕು."

ರಮಾಗೆ ಈಗ ಅವಳ ಮೇಲೂ ಸಿಟ್ಟು ನೆತ್ತಿಗೇರಿತು. "ನೀನು ಹಿಂಗೇ ಸರ್ಕಂಡು ಸರ್ಕಂಡು ಗೋಡೆ ಮುಟ್ಟಿದ್ದೀಯ ಕಣಕ್ಕ. ಇನ್ನೆಲ್ಲಿಗೆ ಸರೀತೀಯ?"

"ಏನಮ್ಮ ಇವಳ ಗಾಂಚಾಲಿ! ಬ್ಯಾರೆ ಅಡುಗೆಯೋರ್ನ ಕರೆಸ್ತೀನಿ" ಎಂದು ಗಿಡ್ಡಮ್ಮ ಗದರಿದರು.

"ಕರೆಸಿ." ರಮಾ ಮತ್ತೆ ಕುಂಬಳಕಾಯಿಗೆ ಕೈ ಹಾಕಿದಳು.

ಮದುವೆಯ ಕಾಲದಲ್ಲಿ, ಬಸ್ಸು ಬರುವುದರೊಳಗೆ, ಯಾವ ಅಡುಗೆಯವನು ಸಿಗುತ್ತಾನೆ? ಗಿಡ್ಡಮ್ಮ ಅತ್ತಿತ್ತ ನೋಡಿ, ಗೊಣಗುತ್ತ ತಾವೇ ಒಳಗೆ ಬಂದರು. ಮನೆಯ ಒಲೆಯ ಅಭ್ಯಾಸದ ಕೈ ಅದು. ಗ್ಯಾಸು ಬುಸ್ಸೆಂದಾಗ ಬೆಚ್ಚಿ ಹಿಂದೆ ಸರಿದರು. ಕಡ್ಡಿ ಆರಿತು. ಇನ್ನೊಂದು ಮುರಿಯಿತು. ಮೂರನೆಯದನ್ನು ಗೀರಿ ದೂರದಿಂದಲೇ ಚಾಚಿದರು.

ವಿಶಾಲಮ್ಮ ಗ್ಯಾಸು ತಗ್ಗಿಸಿ, ಅವರ ಮುಂಗೈ ಹಿಡಿದುಕೊಂಡಳು. "ಹೆದ್ರಬ್ಯಾಡಿ ಕಣ್ರವ್ವ. ಮುಖ ಆ ಕಡೆ ಮಾಡ್ಕಳಿ." ಆ ಕೈಯನ್ನು ಮೆಲ್ಲಗೆ ಒಲೆಯ ಬಳಿಗೆ ತಂದಳು. ಬೆಂಕಿ ಭಗ್ಗನೆ ಹತ್ತಿ ಸುತ್ತ ಹರಡಿತು.

ಗಿಡ್ಡಮ್ಮ ಕೈ ಬಿಡಿಸಿಕೊಂಡರು. ವಿಶಾಲಮ್ಮ ಹಿಡಿದಿದ್ದ ಜಾಗವನ್ನು ಸೆರಗಿನಿಂದ ಒರೆಸಿಕೊಂಡು ಹೊರಗೆ ನಡೆದರು. "ಒಲೆ ಹಚ್ಚಾಯ್ತು, ನಾನೇ ಹಚ್ದೆ" ಎಂದು ಅವರು ಹೊರಗೆ ನೆಂಟರ ಮುಂದೆ ಹೇಳುತ್ತಿದ್ದುದು ಒಳಗೂ ಕೇಳಿಸಿತು.

ಮಾಲಿನಿ ನಿಟ್ಟುಸಿರುಬಿಟ್ಟಳು. "ಸದ್ಯ! ಪಾತ್ರೆ ಇಡಿ, ಬೇಗ."

ವಿಶಾಲಮ್ಮ ಪಾತ್ರೆ ಇಡಲಿಲ್ಲ. ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಬಗ್ಗಿ ತಿರುಪನ್ನು ಪೂರಾ ತಿರುಗಿಸಿದಳು. ಒಲೆ ಆರಿಹೋಯಿತು.

"ಅಯ್ಯೋ, ಏನ್ರೀ ಇದು ವಿಶಾಲಮ್ಮ?"

ಬಾಗಿಲು ಹಾರುಹೊಡೆದೇ ಇತ್ತು. ವಿಶಾಲಮ್ಮ ಕಡ್ಡಿ ಗೀರಿ, ಒಲೆ ಹಚ್ಚಿ, ಉರಿ ದೊಡ್ಡದು ಮಾಡಿದಳು. ರಮಾ ಕತ್ತಿ ಕೆಳಗಿಟ್ಟು ಎದ್ದು ಬಂದು ದೊಡ್ಡ ಪಾತ್ರೆಯ ಒಂದು ಕಿವಿ ಹಿಡಿದಳು. ಇನ್ನೊಂದನ್ನು ವಿಶಾಲಮ್ಮ ಹಿಡಿದಳು.