ಕೊನೇ ಸ್ಟಾಪಿಲ್ಲದ ರೈಲು

ಮನೆಗೆ ನೆಂಟರು ಬಂದರೆ ಆ ಪ್ರವಾಸದ ಕಥೆ ಹೇಳದೆ ಕಂಡಕ್ಟರಿಗೆ ತಿಂದ ಅನ್ನ ಅರಗುವುದಿಲ್ಲ. ಬಸ್ಸಿನ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದರೂ ಗಂಟಲು ಮಾತ್ರ ಇನ್ನೂ ಸರ್ವೀಸಿನಲ್ಲೇ ಇದೆ. "ಹೊರದೇಶದ ಅಷ್ಟು ದೊಡ್ಡ ಊರಲ್ಲಿ ನಮ್ಮ ಗುಬ್ಬಿ ಕಳೆದುಹೋದಳು ನೋಡಿ" ಎಂದು ಶುರುಮಾಡುತ್ತಾರೆ. ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಈಗ ದೊಡ್ಡವಳಾಗಿರುವ ಮಗಳು ಗುಬ್ಬಿಯೂ ನಗುತ್ತಾಳೆ. ಹೆಂಡತಿ ಮಾತ್ರ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಾಳೆ. ನಲ್ಲಿಯ ಸದ್ದಿಗೆ ಕಥೆ ಕೇಳಿಸುವುದಿಲ್ಲ ನಿಜ. ಆದರೆ ಅವಳ ಎದೆ ಡವಡವ ಎನ್ನಲು ಆ ಮೊದಲ ವಾಕ್ಯವೇ ಸಾಕು.

ಆಗ ಗುಬ್ಬಿಗೆ ಆರು ವರ್ಷ. ಜನ್ಮಕ್ಕೊಂದು ಸಲ ಎಂದು ಗಂಡ, ಹೆಂಡತಿ, ಮಗಳು, ಅತ್ತೆ ನಾಲ್ವರೂ ಹೊರಟಿದ್ದರು. ಏಷ್ಯಾ ಖಂಡದ ಅರ್ಧ ಜನ ಆ ಊರಿಗೇ ಬಂದು ಇಳಿದಿದ್ದಾರೇನೋ ಎನ್ನುವಷ್ಟು ಗಿಜಿಗಿಜಿ. ಬೀದಿಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುತ್ತಿರಲಿಲ್ಲ. ಬೋರ್ಡು ಓದಲು ಬಾರದು, ಜನರ ಮಾತು ತಿಳಿಯದು. ಕಂಡಕ್ಟರು ಇದಕ್ಕೆಲ್ಲ ಜಗ್ಗುವವರೇ? ಊರು ಯಾವುದಾದರೇನು, ಗಾಡಿ ಗಾಡಿಯೇ ಎಂದು ಹೊರಡುವ ಮುಂಚೆಯೇ ಮನೆಮಂದಿಗೆಲ್ಲ ಕಾನೂನು ಹೇಳಿದ್ದರು. ಹತ್ತುವಾಗ ಚಿಕ್ಕವರು ಮೊದಲು, ಆಮೇಲೆ ವಯಸ್ಸಾದವರು, ಕಂಡಕ್ಟರು ಕೊನೆಗೆ. ಇಳಿಯುವುದು ಅವರು "ಇಳೀರಿ" ಎಂದು ಕೂಗಿದ ಮೇಲೆ. ಅಲ್ಲಿಯವರೆಗೆ ಯಾರೂ ಮಿಸುಕುವ ಹಾಗಿಲ್ಲ. ಹೆಂಡತಿ ಈ ಕಾನೂನನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು. ಗುಬ್ಬಿಗೆ ಮಾತ್ರ ಅಪ್ಪ ಹೇಳಿದ್ದೇ ವೇದವಾಕ್ಯ.

ನೆಲದಡಿಯ ಸ್ಟೇಷನ್ನಿಗೆ ಅವರು ಇಳಿದದ್ದು ಬೆಳಿಗ್ಗೆ, ಆಫೀಸಿನವರ ನೂಕುನುಗ್ಗಲಿನ ಹೊತ್ತಿನಲ್ಲಿ. ರೈಲು ಬಂತು, ಬಾಗಿಲು ತೆರೆಯಿತು. ಗುಬ್ಬಿ ಕಾನೂನಿನ ಪ್ರಕಾರ ಚಂಗನೆ ಒಳಗೆ ಹಾರಿದಳು. ಅತ್ತೆ ಮಾತ್ರ ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವಿನ ಸಂದಿ ನೋಡಿ ಅಲ್ಲೇ ನಿಂತುಬಿಟ್ಟರು.

"ಕಾಲು ಸಿಕ್ಕಿಹಾಕ್ಕೊಳ್ಳುತ್ತೆ ಕಣೋ!"

"ನಿಧಾನಕ್ಕೆ ಹತ್ತಮ್ಮ," ಎಂದರು ಎಲ್ಲರ ಹಿಂದೆ ನಿಂತಿದ್ದ ಮಗ. "ನಾನು ರೈಟ್ ಅನ್ನದೆ ಯಾವ ಗಾಡಿ ಹೊರಡುತ್ತೆ?"

ಸರ್ವೀಸಿಗೆ ಸೇರಿದಾಗಿನಿಂದ ಅವರು ರೈಟ್ ಎನ್ನದೆ ಯಾವ ಗಾಡಿಯೂ ಹೊರಟಿರಲಿಲ್ಲ. ಇದು ಹೊರಟಿತು. ಅತ್ತೆಯ ಮೂಗಿನ ಮುಂದೆಯೇ ಬಾಗಿಲು ಮುಚ್ಚಿಕೊಂಡಿತು. ಗಾಜಿನ ಹಿಂದೆ ಗುಬ್ಬಿಯ ಅಂಗೈ ಕಾಣಿಸಿತು, ಜಾರಿತು, ಹೋಯಿತು. ಕಂಡಕ್ಟರು "ಹೋಲ್ಡಾನ್! ಹೋಲ್ಡಾನ್!" ಎಂದು ಅರಚುತ್ತ, ಬಸ್ಸಿನ ಮೈ ಬಡಿಯುವ ಹಾಗೆ ಆ ರೈಲಿನ ಮೈ ಬಡಿಯುತ್ತ ಓಡಿದರು. ರೈಲು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಹೆಂಡತಿ ಅವರ ಹಿಂದೆಯೇ ಓಡಿ ಬಂದಳು.

"ಮುಂದಿನ ಸ್ಟೇಷನ್ನಲ್ಲಿ ಇಳಿದಿರ್ತಾಳೆ ರೀ, ಬೇಗ ಹೋಗಿ," ಎಂದಳು.

"ಇಳಿಯಲ್ಲ ಕಣೆ. ನಾನು ಹೇಳದೆ ಅವಳು ಇಳಿಯಲ್ಲ. ಕೊನೇ ಸ್ಟಾಪಿಗೇ ಹೋಗ್ಬೇಕು. ಬಸ್ಸಲ್ಲಿ ಮರೆತ ಸಾಮಾನೆಲ್ಲ ಎಲ್ಲಿ ಸಿಗುತ್ತೆ? ಕೊನೇ ಸ್ಟಾಪಲ್ಲಿ ತಾನೇ? ನೀವಿಬ್ರೂ ಇಲ್ಲೇ ಇರಿ."

ಹಿಂದೆಯೇ ಬಂದ ರೈಲು ಹತ್ತಿ ಅವರೂ ಹೋದರು. ಹೆತ್ತ ಮಗಳು ಮರೆತುಹೋದ ಕೊಡೆಗಳ ಸಾಲಿಗೆ ಸೇರಿದಳಲ್ಲ ಎಂದುಕೊಂಡಳು ಹೆಂಡತಿ.

ಅತ್ತೆಯ ಗೋಳು ಕೇಳಿ ಸ್ಟೇಷನ್ನಿನ ಕಾವಲು ಹೆಂಗಸು ಓಡಿ ಬಂದಳು. ಹೆಂಡತಿ ಸೊಂಟದ ಹತ್ತಿರ ಕೈ ಹಿಡಿದು ಮಗಳು ಎಷ್ಟೆತ್ತರ ಎಂದು ತೋರಿಸಿದಳು. ಹೋದ ರೈಲಿನ ಕಡೆ ಬೆರಳು ಮಾಡಿದಳು. ಕಾವಲಿನವಳಿಗೆ ಅರ್ಥವಾಯಿತು. ತನ್ನ ಅಂಗಿಯನ್ನು ಹಿಡಿದು ತೋರಿಸಿ ಏನೋ ಕೇಳಿದಳು. ಮಗು ಯಾವ ಬಣ್ಣದ ಬಟ್ಟೆ ಹಾಕಿದೆ?

ಅವಳಿಗೆ ನೆನಪಾಗಲಿಲ್ಲ. ಬೆಳಿಗ್ಗೆ ತಾನೇ ಫ್ರಾಕು ತೊಡಿಸಿದ್ದಳು, ಬೆನ್ನಿನ ಗುಂಡಿ ಹಾಕಿದ್ದಳು, ಅಲ್ಲಾಡಬೇಡ ಎಂದು ಒಂದು ಮೊಟಕಿದ್ದಳು. ಬಣ್ಣ ಮಾತ್ರ ತಲೆಯಿಂದ ಅಳಿಸಿಹೋಗಿತ್ತು. ಇಂಥ ಹೆದರಿಕೆ ಅವಳು ಬಾಳಿನಲ್ಲಿ ಕಂಡಿರಲಿಲ್ಲ. ಇನ್ನು ಸ್ವಲ್ಪ ಹೊತ್ತಾದರೆ ಮಗಳ ಮುಖವೂ ಮರೆತುಹೋಗುತ್ತದೆ ಎಂದುಕೊಂಡಳು.

"ಹಳದಿ ಕಣೆ, ಹಳದಿ!" ಎಂದರು ಸೊಸೆಯನ್ನು ಬೈಯದೆ ಒಂದು ದಿನ ಕಳೆಯದ ಅತ್ತೆ. ಪ್ಲಾಟ್‌ಫಾರ್ಮಿನ ಅಂಚಿನ ಹಳದಿ ಪಟ್ಟಿಯನ್ನು ಮುಟ್ಟಿ ಮುಟ್ಟಿ ತೋರಿಸಿದರು.

ಕಾವಲಿನವಳು ವಾಕಿಟಾಕಿಯಲ್ಲಿ ಬಡಬಡನೆ ಮಾತಾಡಿ, ಇವಳನ್ನು ಗೋಡೆಯ ನಕ್ಷೆಯ ಬಳಿ ಕರೆದೊಯ್ದಳು. ಈ ರೈಲಿನ ಗೆರೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಎಳೆದಳು. ಗೆರೆ ಬಳೆಯ ಹಾಗೆ ದುಂಡಗಿತ್ತು. ಬೆರಳು ಹೊರಟ ಜಾಗಕ್ಕೇ ವಾಪಸು ಬಂತು.

ಅಂದರೆ ಈ ರೈಲಿಗೆ ಕೊನೇ ಸ್ಟಾಪೇ ಇಲ್ಲ. ಗಂಡ ಇಲ್ಲದ ಸ್ಟಾಪನ್ನು ಹುಡುಕಿಕೊಂಡು ಹೋಗಿದ್ದಾರೆ, ಮಗಳು ಅಪ್ಪ ಹೇಳುವವರೆಗೆ ಇಳಿಯುವುದಿಲ್ಲ. ಗಂಡನ ಫೋನು ಈ ದೇಶದಲ್ಲಿ ಉಸಿರೇ ಎತ್ತುತ್ತಿರಲಿಲ್ಲ, ತಿಳಿಸುವುದಾದರೂ ಹೇಗೆ?

ಆಮೇಲೆ ಕಾಯುವುದೊಂದೇ ಉಳಿಯಿತು. ರೈಲುಗಳು ಬಂದವು, ಜನರನ್ನು ಸುರಿದವು, ತುಂಬಿಕೊಂಡು ಹೋದವು. ಪ್ರತಿ ಬಾಗಿಲು ತೆರೆದಾಗಲೂ ಜೀವ ಬಾಯಿಗೆ ಬರುತ್ತಿತ್ತು. ಯಾರೋ ಮಗಳ ಕೈ ಹಿಡಿದು ಎಲ್ಲೋ ಇಳಿಸಿ, ಮೆಟ್ಟಿಲು ಹತ್ತಿಸಿ ಕರೆದೊಯ್ಯುತ್ತಿದ್ದಾರೆ ಎನ್ನಿಸುತ್ತಿತ್ತು. ಮೇಲಿನ ಆ ಜನಸಾಗರಕ್ಕೆ ಒಮ್ಮೆ ಬಿದ್ದರೆ ಮುಗಿಯಿತು, ಯಾರನ್ನು ಕೇಳುವುದು, ಯಾವ ಭಾಷೆಯಲ್ಲಿ ಅಳುವುದು? ಅತ್ತೆ ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮದುವೆಯಾದ ಮೇಲೆ ಅವರಿಬ್ಬರೂ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು.

ಬಹಳ ಹೊತ್ತಾದ ಮೇಲೆ ಬಂದ ಒಂದು ರೈಲಿನ ಕಿಟಕಿಯಲ್ಲಿ ಹಳದಿ ಕಂಡಿತು.

ಜನರನ್ನು ನೂಕಿಕೊಂಡು ಓಡಿದಳು. ಬಾಗಿಲು ತೆರೆಯಿತು. ಗುಬ್ಬಿ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ.

"ಗುಬ್ಬೀ, ಇಳಿ! ಬಾ!"

"ಅಪ್ಪ ಹೇಳ್ಲಿ."

"ಇಳಿಯೇ ಮುಂಡೇದೇ!"

"ಅಪ್ಪ ಹೇಳಿಲ್ಲ."

ಒಂದು ಕಾಲು ಒಳಗಿಟ್ಟು ಎಳೆದಳು. ಕೈ ಬೆವತು ಜಾರುತ್ತಿತ್ತು. ಆ ಪುಟ್ಟ ಬೆರಳುಗಳು ಉಡದ ಹಿಡಿತ ಹಿಡಿದಿದ್ದವು. ಬಾಗಿಲು ಮುಚ್ಚುವ ಮುಂಚಿನ ಪೀಂ ಪೀಂ ಶುರುವಾಯಿತು. ಆಗ ಅವಳ ಹೊಟ್ಟೆಯೊಳಗಿಂದ ತನ್ನದಲ್ಲದ ದನಿಯೊಂದು ಎದ್ದು ಬಂತು.

"ಇಳೀರಿ ಇಳೀರಿ! ಬೇಗ ಬೇಗ! ಯಾರ್ರೀ ಇಳಿಯೋರು, ಮುಂದೆ ಬನ್ನಿ!"

ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಬ್ಬಿ ಕಂಬ ಬಿಟ್ಟಳು. ಇಬ್ಬರೂ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದರು, ಹಿಂದೆ ಬಾಗಿಲು ಮುಚ್ಚಿಕೊಂಡಿತು.

ನೆಂಟರ ಮುಂದೆ ಕಂಡಕ್ಟರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಹೆಂಡತಿಯ ದನಿಯನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅವಳಿಗೆ ಮಾತ್ರ ಮುಂದಿನದೂ ನೆನಪಿದೆ.

ಅವರು ಬಂದದ್ದು ಆಮೇಲೆ. ಸ್ಟೇಷನ್ ಸ್ಟೇಷನ್ನಿನಲ್ಲೂ ಇಳಿದು ಕೊನೇ ಸ್ಟಾಪು ಎಲ್ಲಿ ಎಂದು ಕೇಳಿ ಕೇಳಿ ಗಂಟಲು ಬಿದ್ದುಹೋಗಿತ್ತು. ಮುಖದಲ್ಲಿ ರಕ್ತವಿರಲಿಲ್ಲ. ಮಗಳನ್ನು ಕಂಡದ್ದೇ ನೆಲದ ಮೇಲೇ ಕುಳಿತುಬಿಟ್ಟರು.

ಗುಬ್ಬಿ ಓಡಿ ಹೋಗಿ ಅವರೆದುರು ನಿಂತಳು. "ಅಪ್ಪಾ, ಯಾರ್ಯಾರೋ ಕರೆದ್ರು, ನಾನು ಇಳೀಲಿಲ್ಲ. ಒಬ್ರು ಎತ್ಕೊಳ್ಳೋಕೆ ಬಂದ್ರು, ಕಚ್ಚಿಬಿಟ್ಟೆ. ಅಮ್ಮ ಎಳೆದ್ರೂ ಮೊದ್ಲು ಇಳೀಲಿಲ್ಲ. ನೀನು ಹೇಳಿರ್ಲಿಲ್ಲ ಅಲ್ವಾ?"

ಶಾಭಾಸ್ ಎನ್ನುತ್ತಾನೆ ಅಪ್ಪ ಎಂದು ಕಾದು ನಿಂತಳು. ಕಂಡಕ್ಟರು ಅವಳ ಎರಡೂ ಕೈ ಹಿಡಿದುಕೊಂಡರು.

"ಇನ್ಮೇಲೆ ನನ್ನ ಮಾತು ಕೇಳ್ಬೇಡ ಮಗಳೇ. ನಂಗೇನೂ ಗೊತ್ತಿಲ್ಲ."

ಗುಬ್ಬಿ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಗೊತ್ತಿಲ್ಲದ ಊರನ್ನು ಒಬ್ಬಳೇ ಒಂದು ಸುತ್ತು ಸುತ್ತಿಬಂದರೂ ಹನಿ ಕಣ್ಣೀರು ಹಾಕದ ಮಗು, ಆಗ ಹೆದರಿ, ಸ್ಟೇಷನ್ನೇ ಕೇಳುವ ಹಾಗೆ ಅಳತೊಡಗಿತು.